ಲಾಟರಿಯಲ್ಲಿ ಸೀಟು ಬಂದಿದೆ, ಸೇರಿಸಬಹುದೇ?

ಪ್ರಶ್ನೆ: ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಐದು ವರ್ಷದ ಮೊಮ್ಮಗನಿಗೆ ಮಾತು ತಡವಾದ್ದರಿಂದ ಅಲ್ಲಿನ ಸರ್ಕಾರಿ ಶಾಲೆಯಲ್ಲೇ ವಾಕ್ ಚಿಕಿತ್ಸೆ ನಡೆಯುತ್ತಿದೆ. ಈಗ ಲಾಟರಿಯಲ್ಲಿ ಚಾರ್ಟರ್ ಶಾಲೆಯ ಸೀಟು ಬಂದಿದೆ. ಅಂಥ ಶಾಲೆಗಳಿಗೆ ಇಂಥ ಮಕ್ಕಳು ಬೇಡ ಎಂದು ಪರಿಚಿತರು ಹೆದರಿಸುತ್ತಿದ್ದಾರೆ. ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪರಿಚಿತರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರಲ್ಲಿ ಅರ್ಧವಷ್ಟೇ ಇದೆ. ಚಾರ್ಟರ್ ಶಾಲೆ ನಮ್ಮ ಖಾಸಗಿ ಶಾಲೆಯಂಥದ್ದಲ್ಲ. 1991ರಲ್ಲಿ ಮಿನ್ನೆಸೋಟ ರಾಜ್ಯದ ಕಾನೂನಿನಿಂದ ಆರಂಭವಾದ ಈ ಪದ್ಧತಿಯಲ್ಲಿ ಹಣ ಸರ್ಕಾರದ್ದು, ಆಡಳಿತ ಪ್ರತ್ಯೇಕ ಮಂಡಳಿಯದು, ಶುಲ್ಕವಿಲ್ಲ. ಆದ್ದರಿಂದ ಅಂಗವೈಕಲ್ಯವುಳ್ಳ ಪ್ರತಿಯೊಂದು ಮಗುವಿಗೂ ಉಚಿತವಾಗಿ ತಕ್ಕ ಶಿಕ್ಷಣ ಕೊಡಬೇಕೆಂಬ, 1975ರಿಂದ ಜಾರಿಯಲ್ಲಿರುವ ಒಕ್ಕೂಟ ಕಾನೂನು ಇವುಗಳಿಗೂ ಅನ್ವಯಿಸುತ್ತದೆ.

ಹಾಗಿದ್ದೂ ಅಂತರವಿದೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, 2009–10ರಲ್ಲಿ ಸಾಂಪ್ರದಾಯಿಕ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಸುಮಾರು ಶೇ. 11ರಷ್ಟು ಮಂದಿ ಅಂಗವೈಕಲ್ಯವುಳ್ಳವರಾಗಿದ್ದರೆ, ಚಾರ್ಟರ್ ಶಾಲೆಗಳಲ್ಲಿ ಅವರ ಪಾಲು ಶೇ. 8ರಷ್ಟಿತ್ತು. ಇದನ್ನು ಕಂಡೊಡನೆ ಬಾಗಿಲು ಮುಚ್ಚಿದರು ಎಂದುಕೊಳ್ಳುವುದು ಸುಲಭ. ಆದರೆ ನ್ಯೂಯಾರ್ಕ್ ನಗರದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ಶಿಕ್ಷಣ ಸಂಶೋಧಕ ಮಾರ್ಕಸ್ ವಿಂಟರ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಆಟಿಸಂ ಅಥವಾ ಮಾತಿನ ತೊಂದರೆಯಿರುವ ಮಕ್ಕಳ ಪೋಷಕರು ಕಿಂಡರ್‌ಗಾರ್ಟನ್ ಹಂತದಲ್ಲಿ ಚಾರ್ಟರ್‌ಗೆ ಅರ್ಜಿ ಹಾಕುವುದೇ ಕಡಿಮೆ, ಮುಂದಿನ ತರಗತಿಗಳಲ್ಲಿ ಅಂತರ ಹಿಗ್ಗುವುದಕ್ಕೆ, ಈ ಶಾಲೆಗಳು ಮಕ್ಕಳನ್ನು ವಿಶೇಷ ಶಿಕ್ಷಣದ ಪಟ್ಟಿಗೆ ಹೊಸದಾಗಿ ಸೇರಿಸುವುದು ಕಡಿಮೆ, ಪಟ್ಟಿಯಿಂದ ಬಿಡಿಸುವುದು ಹೆಚ್ಚು ಎಂಬುದು ದೊಡ್ಡ ಕಾರಣ. ಪಟ್ಟಿಯಿಂದ ಬಿಡುವುದು ಸುಧಾರಣೆಯ ಗುರುತೋ ಅಸಡ್ಡೆಯ ಗುರುತೋ ಎಂಬುದನ್ನು ಒಂದೊಂದು ಮಗುವಿನ ವಿಷಯದಲ್ಲಿಯೇ ನೋಡಬೇಕು. ಹಾಗೆಂದು ಶಾಲೆಗಳನ್ನು ಪೂರ್ತಿ ನಿರಪರಾಧಿಗಳೆನ್ನಲಾರೆ. ಮಕ್ಕಳನ್ನು ದೂರವಿಟ್ಟರೆಂಬ ಆರೋಪದ ಮೇಲೆ 2010ರಲ್ಲಿ ನ್ಯೂ ಆರ್ಲಿಯನ್ಸ್‌ನ ಪೋಷಕರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಜೊತೆಗೆ, ಚಿಕ್ಕ ಶಾಲೆಯೊಂದಕ್ಕೆ ವಾಕ್ ಚಿಕಿತ್ಸಕರನ್ನು ಪೂರ್ಣಾವಧಿಗೆ ನೇಮಿಸಿಕೊಳ್ಳುವುದು ಭಾರವೇ.

ನಿಮ್ಮ ಮೊಮ್ಮಗನ ವಿಷಯಕ್ಕೆ ಬರೋಣ. ನ್ಯೂಜೆರ್ಸಿಯಲ್ಲಿ ಚಾರ್ಟರ್ ಶಾಲೆ ತಾನೇ ಒಂದು ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಇದ್ದಂತೆ, ಸೇವೆ ಕೊಡುವ ಹೊಣೆ ನೇರವಾಗಿ ಅದರದ್ದೇ. ಮಗುವಿಗೆ ಖಾಸಗಿ ವಿಶೇಷ ಶಾಲೆಯೇ ಬೇಕೆಂದು ತೀರ್ಮಾನವಾದರೆ ಮಾತ್ರ ಆ ವೆಚ್ಚ ಮಗಳಿರುವ ಊರಿನ ಶಾಲಾ ಜಿಲ್ಲೆಯ ಪಾಲಿಗೆ ಬರುತ್ತದೆ. ಮಗಳು ದಾಖಲಾತಿಗೆ ಮುನ್ನವೇ ಐಇಪಿ, ಅಂದರೆ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಲಿ. ಅದರಲ್ಲಿ ಬರೆದಷ್ಟು ನಿಮಿಷಗಳ ಚಿಕಿತ್ಸೆಯನ್ನು ಯಾರು, ಯಾವ ದಿನ, ಗುಂಪಿನಲ್ಲೋ ಒಬ್ಬನಿಗೋ ಕೊಡುತ್ತಾರೆಂದು ಕೇಳಲಿ. ‘ನೋಡೋಣ, ಬರಲಿ’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಮಗುವಿನ ಅಗತ್ಯಗಳನ್ನು ಹೊಸದಾಗಿ ಪರೀಕ್ಷಿಸಬೇಕೆನಿಸಿದರೆ ಬಾಯಿಮಾತಿನಲ್ಲಿ ಹೇಳದೆ ಪತ್ರದಲ್ಲಿ ಕೇಳಲಿ, ಏಕೆಂದರೆ ಶಾಲೆ 20 ದಿನಗಳೊಳಗೆ ಸಭೆ ಕರೆಯಬೇಕೆಂಬ ರಾಜ್ಯದ ನಿಯಮದ ಗಡುವು ಆ ಪತ್ರ ಶಾಲೆಗೆ ತಲುಪಿದ ದಿನದಿಂದ ಎಣಿಕೆಯಾಗುತ್ತದೆ.