ಹಳೆ ಪೆಟ್ರೋಲ್ ಕಾರು ನಿಂತಾಗ ನಡುಗುತ್ತೆ, ಎಂಜಿನ್ ಒರಟಾಗಿ ಓಡುತ್ತೆ. ಮೊದಲು ಏನು ನೋಡಬೇಕು?

ವೇಗ ಹೆಚ್ಚಾದಾಗ ಮಾತ್ರ ನಡುಗಿದ್ದರೆ ಚಕ್ರದ ಬ್ಯಾಲೆನ್ಸಿಂಗ್ ನೋಡಿ ಅನ್ನುತ್ತಿದ್ದೆ. ನಿಂತಾಗಲೇ ನಡುಗುತ್ತದೆ ಅಂದರೆ ಎಂಜಿನ್ನಿನ ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವ ಅನುಮಾನವೇ ಜಾಸ್ತಿ.

ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಕಾಯಿಲ್ (ಪ್ಲಗ್ ಕಿಡಿಗೆ ಕರೆಂಟ್ ಕೊಡುವ ಭಾಗ) ಇದ್ದರೆ, ಎಂಜಿನ್ ಆಫ್ ಮಾಡಿ ಒಂದರ ಕನೆಕ್ಟರ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡ್ ನೋಡಿ (ಜಾಸ್ತಿ ಹೊತ್ತು ಬಿಟ್ಟರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಹಾಳು ಮಾಡುತ್ತದೆ), ಹೀಗೆ ಒಂದೊಂದಾಗಿ. ಯಾವುದನ್ನು ಬಿಚ್ಚಿದಾಗ ನಡುಕ ಹೆಚ್ಚಾಗುವುದಿಲ್ಲವೋ ಕಳ್ಳ ಅಲ್ಲೇ ಇದ್ದಾನೆ. ಆ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ತೊಂದರೆಯೂ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಇಲ್ಲದಿದ್ದರೆ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ.

ಎಂಜಿನ್ ಸದ್ದು ಸಮವಾಗಿದ್ದು ಬಾಡಿ ಮಾತ್ರ ನಡುಗಿದರೆ? ಎಂಜಿನ್ ಕೂರಿಸಿರುವ ಮೌಂಟಿಂಗ್ ರಬ್ಬರ್ ಹೋಗಿರಬೇಕು, ಸುಮ್ನೆ ಪ್ಲಗ್ ಬದಲಾಯಿಸಬೇಡಿ.