ನೋಟು ರಾಶಿ ಬಿದ್ದಿದ್ದರೂ ದುಡ್ಡಿಲ್ಲ ಅಂದದ್ದು ಯಾಕೆ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಕ್ಕಾಪಟ್ಟೆ ನೋಟು ಅಚ್ಚು ಹಾಕಿದರಂತೆ. ಆದರೂ ವ್ಯಾಪಾರಿಗಳು ದುಡ್ಡಿಲ್ಲ ಅಂತ ಗೋಳಾಡುತ್ತಿದ್ದರಂತೆ. ಇದು ಹೇಗೆ ಸರ್?
– ಓದುಗರು, ದಾವಣಗೆರೆ

ಉತ್ತರ: ಅವರಿಗೆ ಬೇಕಿದ್ದದ್ದು ಬೆಳ್ಳಿ, ಸಿಗುತ್ತಿದ್ದದ್ದು ಕಾಗದ. ಅಲ್ಲಿ ಬೆಳ್ಳಿಗೆ ಮೊದಲಿನಿಂದಲೂ ಬರ. ಬ್ರಿಟನ್ನಿನಿಂದ ಬಟ್ಟೆಬರೆ, ಸಾಮಾನು ತರಿಸಿದಷ್ಟೂ ನಾಣ್ಯ ಅತ್ತ ಹೋಗುತ್ತಿತ್ತು. ಪೇಟೆಯಲ್ಲಿ ಓಡಾಡುತ್ತಿದ್ದ ಸ್ಪೇನಿನ ಬೆಳ್ಳಿ ಡಾಲರ್ ಬರುತ್ತಿದ್ದದ್ದು ಹೆಚ್ಚಾಗಿ ವೆಸ್ಟ್ ಇಂಡೀಸ್ ವ್ಯಾಪಾರದಿಂದ, ಯುದ್ಧ ಶುರುವಾದ ಮೇಲೆ ಬ್ರಿಟಿಷ್ ನೌಕಾಪಡೆ ಆ ದಾರಿಗೂ ಅಡ್ಡ ನಿಂತಿತು.

ಯುದ್ಧ ನಡೆಸುತ್ತಿದ್ದದ್ದು ಕಾಂಗ್ರೆಸ್, ಅಂದರೆ ಅಲ್ಲಿನ ವಸಾಹತುಗಳ ಪ್ರತಿನಿಧಿಗಳ ಸಭೆ. ಅದಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಸೈನ್ಯ ಸಾಕಬೇಕಲ್ಲ, 1775ರಲ್ಲಿ 'ಕಾಂಟಿನೆಂಟಲ್' ನೋಟು ಹೊರಡಿಸಿತು. 1779ರ ಕೊನೆಯ ಹೊತ್ತಿಗೆ ಅದು 20 ಕೋಟಿ ಡಾಲರ್ ಮುಟ್ಟಿತ್ತು. ಸಾಲದ್ದಕ್ಕೆ ಬ್ರಿಟಿಷರು ನ್ಯೂಯಾರ್ಕಿನಿಂದ ಖೋಟಾ ನೋಟು ಹರಿಬಿಟ್ಟರು. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ 40 ನೋಟಿನ ಡಾಲರಿಗೆ ಒಂದು ಬೆಳ್ಳಿ ಡಾಲರ್ ಅಂತ ಒಪ್ಪಿಕೊಂಡಿತು.

ಈಗ ಅಂಗಡಿಯವನ ಜಾಗದಲ್ಲಿ ನಿಂತು ನೋಡಿ. ಉದ್ರಿ ಕೊಟ್ಟ ಮಾಲಿನ ದುಡ್ಡು ಆರು ತಿಂಗಳು ಬಿಟ್ಟು ನೋಟಿನಲ್ಲಿ ಬಂದರೆ, ಅದರಲ್ಲಿ ಅರ್ಧ ಮಾಲೂ ಬರುವುದಿಲ್ಲ. ಅದಕ್ಕೇ ಬೆಳ್ಳಿ ಇದ್ದವರು ಅದನ್ನು ಬಚ್ಚಿಟ್ಟರು, ಮಾಲು ಇದ್ದವರು ಮಾಲನ್ನೇ ಹಿಡಿದಿಟ್ಟರು. ಜನ ಸುಮ್ನೆ ಇರಲಿಲ್ಲ. 1777ರಲ್ಲಿ ಬಾಸ್ಟನ್ನಿನ ಹೆಂಗಸರು ಕಾಫಿ ಬಚ್ಚಿಟ್ಟಿದ್ದ ವ್ಯಾಪಾರಿಯ ಗೋದಾಮಿಗೆ ನುಗ್ಗಿ ಕಾಫಿ ಹೊತ್ತೊಯ್ದರು, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್‌ನ ಹೆಂಡತಿ ಅಬಿಗೇಲ್ ಆಡಮ್ಸ್ ಗಂಡನಿಗೆ ಬರೆದ ಪತ್ರದಲ್ಲಿ ಇದು ಇದೆ. ಆ ಹೆಂಗಸರ ಸಿಟ್ಟು ನ್ಯಾಯವಾದದ್ದೇ. ಆದರೆ ಹಿಡಿದಿಟ್ಟವರೆಲ್ಲ ದುರಾಸೆಯವರು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಮಾರಿದರೆ ಮತ್ತೆ ಕೊಳ್ಳಲಾಗದ ಭಯ ನಿಜವಾದದ್ದು.

ದೊಡ್ಡ ವ್ಯಾಪಾರಿಗಳು ಮಾಲಿಗೆ ಮಾಲು ಕೊಟ್ಟು ಬದುಕಿದರು. ವರ್ಜೀನಿಯಾದ ತಂಬಾಕು ಫ್ರಾನ್ಸಿಗೆ, ವೆಸ್ಟ್ ಇಂಡೀಸಿನಲ್ಲಿ ಡಚ್ಚರ ಕೈಯಲ್ಲಿದ್ದ ಸೇಂಟ್ ಯುಸ್ಟೇಷಿಯಸ್ ದ್ವೀಪಕ್ಕೆ ಹೋಗಿ ಬಟ್ಟೆ, ಮದ್ದುಗುಂಡಾಗಿ ಬರುತ್ತಿತ್ತು. 1781ರಲ್ಲಿ ಬ್ರಿಟಿಷರು ಆ ದ್ವೀಪವನ್ನೂ ಹಿಡಿದರು. ಅಷ್ಟರಲ್ಲಿ, 1780ರಲ್ಲಿ ಅಮೆರಿಕನ್ನರ ನೆರವಿಗೆ ಬಂದಿಳಿದ ಫ್ರೆಂಚ್ ಸೈನ್ಯ ಬೆಳ್ಳಿ ಎಣಿಸಿ ದಿನಸಿ ಕೊಳ್ಳತೊಡಗಿತ್ತು, ಪೇಟೆಗೆ ಮತ್ತೆ ಜೀವ ಬಂದದ್ದು ಹಾಗೆ.

ಇನ್ನೊಂದು ಮಾತು, ನಮಗೆ ಹತ್ತಿರದ್ದು. 1782ರಲ್ಲಿ ತಮ್ಮ ಸರಕಿನ ಹಡಗುಗಳ ಕಾವಲಿಗೆ ಫಿಲಡೆಲ್ಫಿಯಾದ ವ್ಯಾಪಾರಿಗಳು ದುಡ್ಡು ಹಾಕಿ ಒಂದು ಹಡಗು ಸಜ್ಜು ಮಾಡಿಸಿದರು. ಅದರ ಹೆಸರು 'ಹೈದರ್ ಅಲಿ'. ಹೌದು, ಆಗ ಇಲ್ಲಿ ಬ್ರಿಟಿಷರ ವಿರುದ್ಧ ಯುದ್ಧದಲ್ಲಿದ್ದ ನಮ್ಮ ಮೈಸೂರಿನ ಹೈದರನ ಹೆಸರೇ. ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಅದು ತನಗಿಂತ ಜಾಸ್ತಿ ಬಲದ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿಯಿತು.