ಯೇಸು ಸತ್ತು ಎದ್ದು ಬಂದದ್ದನ್ನು ನೀವು ನಿಜಕ್ಕೂ ನಂಬ್ತೀರಾ? ‘ಸಾಕ್ಷಿ’ ಅಂದ್ರೆ ಏನು?

ಕಾಲೇಜಿನಲ್ಲಿ ಗೋವಿಂದ ಪೈಗಳ ‘ಗೊಲ್ಗೊಥಾ’ ಓದಿದ್ದೀರಿ. ಶಿಲುಬೆಯ ಸಾವು ಮನಸ್ಸಿಗೆ ತಟ್ಟಿತು, ಆದರೆ ಆಮೇಲೆ ಎದ್ದು ಬಂದ ಅನ್ನೋದು ತಲೆಗೆ ಹತ್ತಲಿಲ್ಲ, ಅದನ್ನು ನಂಬುವವರು ಯಾರಾದರೂ ಹೇಳಿ ಅಂತ ಕೇಳಿದ್ದೀರಿ. ಜೊತೆಗೆ, ಕ್ರೈಸ್ತರು ಮಾತುಮಾತಿಗೂ ‘ಸಾಕ್ಷಿ’ ಅನ್ನುತ್ತಾರಲ್ಲ, ಅದೇನು ಅಂತಲೂ.

ನಾನು ಕಾಸರಗೋಡಿನ ಬೇಳದ ಕಡೆಯವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಕಚೇರಿಗೆ ಹೋದರೆ ಮಲಯಾಳ. ದೇವಶಾಸ್ತ್ರ ಓದಿಲ್ಲ. ಇಗರ್ಜಿಯ (ಚರ್ಚಿನ) ಬೆಂಚಿನಲ್ಲಿ ಕೂತು ಬೆಳೆದವನಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಹೇಳುತ್ತೇನೆ.

ನಂಬುತ್ತೇನೆ. ಆದರೆ ಏನನ್ನು ನಂಬುತ್ತೇನೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೈಗಳು ಬರೆದದ್ದು ಯೇಸುವಿನ ಕೊನೆಯ ದಿನದ ಕಥೆ. ಹಾಗಾಗಿ ಅದರಲ್ಲಿ ಅವನು ಎದ್ದ ಭಾನುವಾರ ಹುಡುಕಿದರೆ ಸಿಗುವುದಿಲ್ಲ. ನಮ್ಮೂರಲ್ಲಿ ಈ ವಿಷಯ ಮಾತಿಗೆ ಬಂದರೆ ಹಿಂದೂ ಗೆಳೆಯರು, “ಪುನರ್ಜನ್ಮದ ಹಾಗೆ ತಾನೇ?” ಅನ್ನುತ್ತಾರೆ. ಅಲ್ಲ. ಅಲ್ಲಿ ಆತ್ಮ ಬೇರೆ ದೇಹಕ್ಕೆ ಹೋಗುತ್ತದೆ. ಇಲ್ಲಿ ಅದೇ ಮನುಷ್ಯ, ಅದೇ ಹೆಸರು, ಅದೇ ಕೈ. ಬ್ಯಾರಿ ಗೆಳೆಯರ ಪ್ರಕಾರ ಯೇಸುವನ್ನು ಶಿಲುಬೆಯಲ್ಲಿ ಕೊಲ್ಲಲೇ ಇಲ್ಲ, ದೇವರು ಮೇಲಕ್ಕೆ ಎತ್ತಿಕೊಂಡ. ಕುರಾನಿನಲ್ಲಿ ಹಾಗೆ ಇದೆ. ನಾವು ಹೇಳುವುದು, ಸತ್ತದ್ದು ನಿಜ, ಹೂಳಿದ್ದು ನಿಜ, ಆಮೇಲೆ ಎದ್ದದ್ದೂ ನಿಜ. ಇನ್ನು ಲಾಜರಸನ ಕಥೆ ಕೇಳಿರಬಹುದು, ನಾಲ್ಕು ದಿನ ಗೋರಿಯಲ್ಲಿದ್ದವನನ್ನು ಯೇಸು ಹೊರಗೆ ಕರೆದ. ಪುನರುತ್ಥಾನ, ಅಂದರೆ ಯೇಸು ಎದ್ದದ್ದು, ಅದೂ ಅಲ್ಲ. ಲಾಜರಸ ಮುಂದೆ ಮತ್ತೆ ಸಾಯಬೇಕಾದವನು. ಯೇಸು ಸಾವನ್ನು ದಾಟಿ ಆಚೆಗೆ ಹೋದವನು, ಅವನಿಗೆ ಇನ್ನು ಸಾವಿಲ್ಲ.

ಒಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಯೇಸು ಎದ್ದ ಆ ಗಳಿಗೆಯನ್ನು ಅವನ ಕಥೆ ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಕ್ಯಾಲೆಂಡರ್ ಚಿತ್ರಗಳಲ್ಲಿ ಬಾವುಟ ಹಿಡಿದು ಗೋರಿಯಿಂದ ಹಾರಿ ಬರುತ್ತಾನಲ್ಲ, ಅದು ಚಿತ್ರಕಾರರ ಕೈಚಳಕ. ಬರೆದವರು ಹೇಳುವುದು ಇಷ್ಟೇ: ಗೋರಿ ಖಾಲಿ ಇತ್ತು, ಆಮೇಲೆ ಅವನನ್ನು ಕಂಡೆವು. ಕಟ್ಟುಕಥೆ ಹೆಣೆಯುವವರು ಅಂಥ ದೃಶ್ಯವನ್ನು ಬಿಡುತ್ತಿದ್ದರಾ?

ಮಾರ್ಕನ ಶುಭಸಂದೇಶದ 16ನೇ ಅಧ್ಯಾಯ ನೋಡಿ. ಮಗ್ದಲದ ಮರಿಯ, ಯಕೋಬನ ತಾಯಿ ಮರಿಯ, ಸಲೋಮೆ. ಮೂರು ಹೆಂಗಸರು ಬೆಳ್ಳಂಬೆಳಗ್ಗೆ ಸುಗಂಧದ್ರವ್ಯ ಹಿಡಿದುಕೊಂಡು ಹೊರಟಿದ್ದಾರೆ. ಹೆಣಕ್ಕೆ ಹಚ್ಚಲು. ಎದ್ದವನನ್ನು ನೋಡಲು ಹೋದವರಲ್ಲ. ಅವರ ಚಿಂತೆ ಒಂದೇ, ಗೋರಿಯ ಬಾಯಿಗಿಟ್ಟ ಆ ಕಲ್ಲನ್ನು ಯಾರು ಉರುಳಿಸುತ್ತಾರೆ ಅಂತ. ಹೋಗಿ ನೋಡಿದರೆ ಕಲ್ಲು ಉರುಳಿದೆ, ಒಳಗೆ ಒಬ್ಬ ಯುವಕ ಕೂತು “ಅವರು ಇಲ್ಲಿಲ್ಲ, ಹೋಗಿ ಶಿಷ್ಯರಿಗೆ ಹೇಳಿ” ಅನ್ನುತ್ತಾನೆ. ಅವರು ನಡುಗಿ ಓಡುತ್ತಾರೆ. ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕ 8ನೇ ವಚನಕ್ಕೆ, ಅಂದರೆ ಅಲ್ಲಿಗೇ, ಮುಗಿಯುತ್ತದೆ. ಮುಂದಿನ ವಚನಗಳು ಆಮೇಲೆ ಸೇರಿದವು ಅಂತ ಪಂಡಿತರು ಹೆಚ್ಚುಕಡಿಮೆ ಒಪ್ಪಿದ್ದಾರೆ. ಲೂಕನ ಶುಭಸಂದೇಶದಲ್ಲಿ ಆ ಹೆಂಗಸರು ಹೋಗಿ ಹೇಳುತ್ತಾರೆ, ಶಿಷ್ಯರು “ಸುಮ್ನೆ ಏನೋ ಬಡಬಡಿಸುತ್ತಿದ್ದಾರೆ” ಅಂತ ತಳ್ಳಿಹಾಕುತ್ತಾರೆ. ಆ ಕಾಲದ ಯೆಹೂದ್ಯರಲ್ಲಿ ಹೆಂಗಸರ ಸಾಕ್ಷಿಗೆ ಅಷ್ಟಾಗಿ ಬೆಲೆಯಿರಲಿಲ್ಲ. ಜನರನ್ನು ನಂಬಿಸಬೇಕು ಅಂತಲೇ ಬರೆದಿದ್ದರೆ ಮೊದಲ ಸಾಕ್ಷಿಯಾಗಿ ಅವರನ್ನು ನಿಲ್ಲಿಸುತ್ತಿರಲಿಲ್ಲ. ಇದರಿಂದ ಏನೂ ರುಜುವಾಗುವುದಿಲ್ಲ, ಒಪ್ಪುತ್ತೇನೆ. ಆದರೂ ನನಗೆ ಇಲ್ಲಿ ನಿಜದ ವಾಸನೆ ಬರುತ್ತದೆ.

ಮೊದಲ ಕಾಲದ ಕ್ರೈಸ್ತ ಬೋಧಕ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರ ಈ ಶುಭಸಂದೇಶಗಳಿಗಿಂತಲೂ ಹಳೆಯದು, ಶಿಲುಬೆಯಾಗಿ 20 ಚಿಲ್ಲರೆ ವರ್ಷಕ್ಕೆ ಬರೆದದ್ದು. ಅದರ 15ನೇ ಅಧ್ಯಾಯದಲ್ಲಿ ಯೇಸುವನ್ನು ಕಂಡವರ ಪಟ್ಟಿ ಇದೆ: ಶಿಷ್ಯ ಪೇತ್ರ, ಹನ್ನೆರಡು ಮಂದಿ ಶಿಷ್ಯರು, ಒಂದೇ ಸಲಕ್ಕೆ 500ಕ್ಕೂ ಹೆಚ್ಚು ಜನ, ಯಕೋಬ, ಕೊನೆಗೆ ಪೌಲ ತಾನು. ಆ 500ರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಲೂ ಸೇರಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಅನ್ನುವ ಧಾಟಿ. ಹೆಂಗಸರ ಹೆಸರನ್ನು ಮಾತ್ರ ಪೂರ್ತಿ ಬಿಟ್ಟಿದ್ದಾನೆ. ಅದು ನನಗೆ ಈಗಲೂ ಕಿರಿಕಿರಿ. ಮಗ್ದಲದ ಮರಿಯಳ ಸ್ಮರಣೆಯನ್ನು ಪ್ರೇಷಿತರ (ಯೇಸು ಸಾರಲು ಕಳಿಸಿದ ಶಿಷ್ಯರ) ಹಬ್ಬಗಳ ಸಾಲಿಗೆ ಏರಿಸಲು ಕಥೋಲಿಕ ಸಭೆಗೆ 2016ರ ತನಕ ಬೇಕಾಯಿತು, ಪೋಪ್ ಫ್ರಾನ್ಸಿಸ್ ಬರಬೇಕಾಯಿತು.

ಇನ್ನು ಗಾಯಗಳು. ಎದ್ದು ಬಂದ ಯೇಸುವಿನ ಮೈಮೇಲೆ ಗಾಯ ಹಾಗೇ ಇವೆ. ಶಿಷ್ಯ ತೋಮ ಅನುಮಾನಪಟ್ಟಾಗ ಅವನಿಗೆ ಸಿಕ್ಕಿದ್ದು ವಾದವಲ್ಲ, ಮೊಳೆ ಹೊಡೆದ ಕೈ. ದೇವರು ಎಬ್ಬಿಸುವುದೇ ಆದರೆ ಕಲೆಯಿಲ್ಲದ ಮೈ ಕೊಡಬಹುದಿತ್ತಲ್ವಾ? ಕೊಡಲಿಲ್ಲ. ಅನ್ಯಾಯವಾಗಿ ಕೊಂದದ್ದನ್ನು ಅಳಿಸಿಹಾಕಲಿಲ್ಲ, ಕೊಂದವರ ತೀರ್ಪನ್ನು ತಿರುಗಿಸಿದ. ನನಗೆ ಪುನರುತ್ಥಾನದ ಅರ್ಥ ಇಲ್ಲೇ ಇದೆ. ಸತ್ತಮೇಲೆ ಆತ್ಮ ಎಲ್ಲೋ ಸುಖವಾಗಿರುತ್ತದೆ ಅನ್ನುವ ಸಮಾಧಾನವಲ್ಲ ಇದು. ನಮ್ಮ ವಿಶ್ವಾಸಪ್ರಮಾಣದಲ್ಲಿ ‘ಶರೀರದ ಪುನರುತ್ಥಾನ’ ಅಂತಲೇ ಹೇಳುತ್ತೇವೆ. ಮೈಗೆ ಆದದ್ದು ದೇವರಿಗೆ ಲೆಕ್ಕಕ್ಕಿದೆ.

ಇದು ನಮ್ಮ ಜಿಲ್ಲೆಯವನಿಗೆ ಸಣ್ಣ ಮಾತಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಸಿದ್ದು ನಿಮಗೂ ಗೊತ್ತಿರಬಹುದು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಅನ್ನುವ ವೈದ್ಯರು, ಒಂದೇ ಕಡೆಯಿಂದ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಬರುತ್ತಿದೆ ಅಂತ 1990ರ ದಶಕದಲ್ಲೇ ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಅದರ ಬಗ್ಗೆ ಬರೆದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ರಸ್ತೆಯಲ್ಲಿ ಕೂತರು. ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಅವರು ಯಾರೂ ಕ್ರೈಸ್ತ ಧರ್ಮದ ಮಾತಾಡಲಿಲ್ಲ, ಅವರನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ಸಾಕ್ಷಿ ಅಂದರೆ ಏನು ಅಂತ ನಾನು ಕಲಿತದ್ದು ಉಪದೇಶ ಕೇಳಿ ಅಲ್ಲ, ಇವರನ್ನು ನೋಡಿ. ಕಂಡದ್ದನ್ನು ಹೇಳುವುದು. “ಹಾಗೇನೂ ಇಲ್ಲ” ಅಂತ ದೊಡ್ಡವರು ಹೇಳುವಾಗಲೂ ಹೇಳುವುದು.

ಪೇತ್ರನೂ ಯೊವಾನ್ನನೂ ಜೆರುಸಲೇಮಿನ ಹಿರಿಯರ ಮುಂದೆ ಹೇಳಿದ್ದು ಹೆಚ್ಚುಕಡಿಮೆ ಇದೇ: ನಾವು ಕಂಡು ಕೇಳಿದ್ದನ್ನು ಹೇಳದೆ ಇರಲಾಗದು. ಇದೇ ಪೇತ್ರ ಅದಕ್ಕೆ ಕೆಲವು ವಾರ ಮೊದಲು, ಯೇಸುವನ್ನು ಹಿಡಿದ ರಾತ್ರಿ, ಪ್ರಧಾನ ಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಗೆ ಕೈ ಕಾಯಿಸುತ್ತಾ, “ಆ ಮನುಷ್ಯ ಯಾರು ಅಂತಲೇ ನನಗೆ ಗೊತ್ತಿಲ್ಲ” ಅಂದಿದ್ದವನು. ಮೂರು ಸಲ. ಯೊವಾನ್ನನ 21ನೇ ಅಧ್ಯಾಯದಲ್ಲಿ, ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದವರಿಗೆ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಡುತ್ತಾ ಕಾಯುತ್ತಿದ್ದಾನೆ, ಪಕ್ಕದಲ್ಲಿ ರೊಟ್ಟಿ. ಬೈಗುಳ ಇಲ್ಲ. ಮೊದಲು ತಿನ್ನಲು ಕೊಡುತ್ತಾನೆ. ಆಮೇಲೆ ಪೇತ್ರನಿಗೆ “ನನ್ನನ್ನು ಪ್ರೀತಿಸುತ್ತೀಯಾ?” ಅನ್ನುತ್ತಾನೆ. ಅದೂ ಮೂರು ಸಲ. ಇಂಥವರನ್ನೇ ಸಾಕ್ಷಿಗೆ ಕಳಿಸಿದ್ದು.

ಹಾಗಾಗಿ ಬೇರೆಯವರ ದೇವರನ್ನು ಹೀಗಳೆದು ವಾದದಲ್ಲಿ ಗೆಲ್ಲುವುದನ್ನು ಸಾಕ್ಷಿ ಅಂತ ಕರೆದರೆ ನನಗೆ ಸರಿಬರುವುದಿಲ್ಲ. ಅದು ವಕೀಲರ ಕೆಲಸ.

ನಿಮಗೆ ಇದನ್ನು ಓದುವುದಕ್ಕಿಂತ ನೋಡುವುದೇ ಒಳ್ಳೆಯದೇನೋ. ಈಸ್ಟರ್ ಹಿಂದಿನ ಶನಿವಾರ ರಾತ್ರಿ ಇಗರ್ಜಿಯ ದೀಪ ಎಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹಾಕುತ್ತಾರೆ. ಪಾದ್ರಿಗಳು ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆ ಗೀರಿ, ಆ ವರ್ಷದ ನಾಲ್ಕು ಅಂಕಿ ಬರೆದು, ಐದು ಗಾಯಗಳಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಅದೇ ಬತ್ತಿಯನ್ನು ಆಮೇಲೆ ಮಗುವಿನ ಜ್ಞಾನಸ್ನಾನಕ್ಕೂ ಹಚ್ಚುತ್ತಾರೆ, ಸತ್ತವರ ಪೆಟ್ಟಿಗೆಯ ಪಕ್ಕದಲ್ಲೂ ಇಡುತ್ತಾರೆ. ಬೇಳದ್ದು 1890ರ ಶೋಕಮಾತೆಯ ಇಗರ್ಜಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದರೂ ಇಗರ್ಜಿ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿಯಿತು. ಬನ್ನಿ, ಯಾರೂ ತಡೆಯುವುದಿಲ್ಲ. ವಾಚನಗಳು ಉದ್ದ, ಸೆಕೆಯೂ ಜಾಸ್ತಿ, ಫ್ಯಾನಿನ ಕೆಳಗೆ ಜಾಗ ಹಿಡಿಯಿರಿ. ಪರಮಪ್ರಸಾದ ಹಂಚುವಾಗ ಮಾತ್ರ ಕೂತಲ್ಲೇ ಇರಿ, ಅದು ಕಥೋಲಿಕರಿಗೆ ಮಾತ್ರ. ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ. ಅರ್ಥವಾಗದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ, ಕನ್ನಡದಲ್ಲಿ ಹೇಳುತ್ತಾರೆ.